ಪ್ಲೈವುಡ್ ಕೋಟೆಯ ಹಿಂಬಾಗಿಲು

ನನ್ನ ತಂಗಿ ಒಳಗಿನಿಂದ ತಟ್ಟಿದ್ದು ನನಗೆ ಕೇಳಿಸಿತ್ತು. ಆದರೂ ನಾನು ಬಾಗಿಲು ತೆಗೆಸಲಿಲ್ಲ. ಕೇಳಿಸಲಿಲ್ಲ ಎಂದು ಆವತ್ತು ಅಮ್ಮನಿಗೆ ಹೇಳಿದೆ, ಡಾಕ್ಟರಿಗೆ ಹೇಳಿದೆ, ಆಮೇಲೆ ಕೇಳಿದವರಿಗೆಲ್ಲ ಹೇಳಿದೆ. ಆ ಸುಳ್ಳು ಬಾಯಿಗೆ ಎಷ್ಟು ಒಗ್ಗಿಹೋಯಿತೆಂದರೆ, ಯಾರೂ ಕೇಳದಿದ್ದಾಗಲೂ ನಾನೇ ಮೇಲೆ ಬಿದ್ದು ಹೇಳುತ್ತಿದ್ದೆ: "ಬ್ಯಾಂಡ್ ಸದ್ದು ಕಣ್ರೀ. ಏನೂ ಕೇಳಿಸ್ತಿರಲಿಲ್ಲ."

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಬರೆದು ಅಭ್ಯಾಸವಿಲ್ಲ. ಆದರೆ ಈ ಸಲದ ಮಳೆಗೆ ನಮ್ಮ ಬಚ್ಚಲುಮನೆಯ ಬಾಗಿಲು ಊದಿಕೊಂಡಿತು. ಅದರ ಮೇಲಿನ ಬಣ್ಣ ಹಪ್ಪಳದ ಹಾಗೆ ಎದ್ದು, ಒಳಗಿನಿಂದ ಹಳೇ ಪ್ಲಾಸ್ಟರು, ಗೋಂದು, ಸುಟ್ಟ ಸಾಂಬ್ರಾಣಿ ಎಲ್ಲ ಸೇರಿದ ವಾಸನೆ ಬರತೊಡಗಿತು. ಒಲೆಯ ಮುಂದೆ ಕೂತರೂ ಅದೇ ವಾಸನೆ, ಊಟಕ್ಕೆ ಕೂತರೂ ಅದೇ. ಆ ಬಾಗಿಲು ಮೊದಲಿದ್ದದ್ದು ಒಂದು ಸಮುದ್ರಕೋಟೆಯ ಹಿಂಬದಿಯಲ್ಲಿ.

ಕೋಟೆ ಎಂದರೆ ನಿಜವಾದ ಕೋಟೆಯಲ್ಲ. ದಸರಾ ಮೆರವಣಿಗೆಯಲ್ಲಿ ಒಂದೊಂದು ಜಿಲ್ಲೆಯ ಹೆಸರಿನಲ್ಲಿ ಸ್ತಬ್ಧಚಿತ್ರ ಹೋಗುತ್ತದಲ್ಲ, ಅಂಥದ್ದು. ಟ್ರ್ಯಾಕ್ಟರಿನ ಹಿಂದೆ ಟ್ರೈಲರು, ಅದರ ಮೇಲೆ ಕಬ್ಬಿಣದ ಚೌಕಟ್ಟು, ಪ್ಲೈವುಡ್ಡು, ಥರ್ಮಾಕೋಲು, ಗೋಣಿತಟ್ಟು. ಅಂಥವನ್ನು ಕಟ್ಟಿಕೊಡುವ ಮಾದಣ್ಣ ಮೇಸ್ತ್ರಿ ಹೂಟಗಳ್ಳಿಯಲ್ಲಿ ಮುಚ್ಚಿಹೋಗಿದ್ದ ಕಾರ್ಖಾನೆಯೊಂದರ ಶೆಡ್ಡು ಹಿಡಿದಿದ್ದ. ಅಶೋಕಪುರಂನಿಂದ ನಾನು, ನನ್ನ ತಂಗಿ ಚಂದ್ರಿ ಬೆಳಿಗ್ಗೆ ಬಸ್ಸು ಹತ್ತಿದರೆ ವಾಪಸು ಬರುವುದು ದೀಪ ಹಚ್ಚುವ ಹೊತ್ತಿಗೆ. ಗೋಣಿಯನ್ನು ಪ್ಲಾಸ್ಟರಿನಲ್ಲಿ ಅದ್ದಿ ಚೌಕಟ್ಟಿಗೆ ಅಂಟಿಸುವುದು ನನ್ನ ಕೆಲಸ. ಬಣ್ಣದ ಕೆಲಸ ಚಂದ್ರಿಯದು. ನಾನು ಅಂಟಿಸಿದ್ದು ಗೋಣಿಯಾಗಿಯೇ ಉಳಿಯುತ್ತಿತ್ತು, ಅವಳು ಬ್ರಷ್ಷು ಆಡಿಸಿದ ಮೇಲೆ ಅದು ಕಲ್ಲಾಗುತ್ತಿತ್ತು. ಮೇಸ್ತ್ರಿ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ: "ದೊಡ್ಡೋಳು ಮೆತ್ತುತಾಳೆ, ಚಿಕ್ಕೋಳು ಜೀವ ತುಂಬ್ತಾಳೆ." ನಾನೂ ಎಲ್ಲರ ಜೊತೆ ನಗುತ್ತಿದ್ದೆ.

ಆ ವರ್ಷ ಕರಾವಳಿಯ ಒಂದು ಜಿಲ್ಲೆಗೆ ಕೋಟೆ ಆಗಬೇಕಿತ್ತು. ಬಂದರಿಗೆ ಬರುವ ಹಡಗುಗಳನ್ನು ಕಾಯಲು ಕಡಲಿಗೆ ಮುಖ ಮಾಡಿ ತೋಪುಗಳನ್ನಿಟ್ಟ ಹಳೇ ಕೋಟೆ. ನಾವಿಬ್ಬರೂ ಸಮುದ್ರ ನೋಡಿದವರಲ್ಲ. ಕೋಟೆ ಎಂದ ಕೂಡಲೇ ಶ್ರೀರಂಗಪಟ್ಟಣ ನೆನೆಸಿಕೊಂಡು ಚಂದ್ರಿ ಗೋಡೆಗೆಲ್ಲ ಬೂದುಬಣ್ಣ ಹೊಡೆದಿದ್ದಳು. ಕೆಲಸ ನೋಡಿಹೋಗಲು ಆ ಜಿಲ್ಲೆಯಿಂದ ಒಬ್ಬರು ಮೇಷ್ಟ್ರು ಬಂದರು. ಶೆಡ್ಡಿನ ಬಾಗಿಲಲ್ಲೇ ನಿಂತು ಹಣೆಗೆ ಕೈ ಹಚ್ಚಿದರು.

"ಇದು ಎಂತ ಮಾರಾಯ್ರೆ? ನಮ್ಮ ಕೋಟೆ ಕರಿ ಕಲ್ಲಿನದ್ದಲ್ಲ, ಕೆಂಪು ಕಲ್ಲಿನದ್ದು. ಕಲ್ಲಿನ ಮೈಯೆಲ್ಲ ತೂತು ತೂತು. ಮಳೆ ತಿಂದು ತಿಂದು ಪಾಚಿ ಹಿಡಿದಿದೆ."

ಮೇಸ್ತ್ರಿ ಮುಖ ಸಣ್ಣದು ಮಾಡಿಕೊಂಡ. ಚಂದ್ರಿ ಮಾತ್ರ ಮೇಷ್ಟ್ರ ಮೊಬೈಲನ್ನು ಕೈಗೆ ತೆಗೆದುಕೊಂಡು ಫೋಟೋಗಳನ್ನು ನೋಡುತ್ತಲೇ ನಿಂತಳು. ಮಾರನೆಯ ದಿನ ಮರದ ಹೊಟ್ಟನ್ನು ಗೋಂದಿಗೆ ಕಲಸಿ, ಕೆಮ್ಮಣ್ಣು ಸೇರಿಸಿ, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಚುಚ್ಚಿ ಚುಚ್ಚಿ ತೂತು ಮಾಡಿದಳು. ಗೋಡೆಯ ಬುಡಕ್ಕೆ ಪಾಚಿಯ ಹಸಿರನ್ನು ಒದ್ದೆ ಬಟ್ಟೆಯಲ್ಲಿ ಒತ್ತಿದಳು. ಮೇಷ್ಟ್ರು ಮತ್ತೆ ಬಂದಾಗ ಹತ್ತಿರ ಹೋಗಿ ಆ ಗೋಡೆಯನ್ನು ಮುಟ್ಟಿ ನೋಡಿದರು.

ತೋಪಿನ ವಿಷಯ ಹೇಳಿದ್ದೂ ಆ ಮೇಷ್ಟ್ರೇ. ಟೀ ಕುಡಿಯುತ್ತಾ ಹೇಳಿದರು: "ಕಡಲು ಕಾಣುವವ ಮೇಲೆ ನಿಂತಿರ್ತಾನೆ. ಬತ್ತಿ ಇಡುವವ ಕೆಳಗೆ, ಕಲ್ಲಿನ ಕೋಣೆಯಲ್ಲಿ. ಕೆಳಗಿನವನಿಗೆ ಹಡಗೂ ಕಾಣುವುದಿಲ್ಲ, ವೈರಿಯೂ ಕಾಣುವುದಿಲ್ಲ. ಮೇಲಿನವ ಕಾಲಲ್ಲಿ ಒಮ್ಮೆ ಗುದ್ದಿದರೆ ಇವ ತೋಪು ಹಾರಿಸಬೇಕು. ಅಷ್ಟೇ ಅವನ ಕೆಲಸ. ಹಾಗಂತ ನಮ್ಮ ಕಡೆ ಹಳಬರು ಹೇಳ್ತಾರೆ."

"ಒಳಗೆ ಹೊಗೆ ತುಂಬ್ಕೊಂಡ್ರೆ ಏನ್ಮಾಡ್ತಿದ್ರು ಸರ್?" ಎಂದು ಕೇಳಿದಳು ಚಂದ್ರಿ.

"ಅದನ್ನ ಯಾರೂ ಹೇಳ್ಲಿಲ್ಲಮ್ಮ."

ಮೇಸ್ತ್ರಿ ನಕ್ಕ. "ನಿಂಗ್ಯಾಕಮ್ಮ ಆ ಚಿಂತೆ? ನಮ್ದು ಸಾಂಬ್ರಾಣಿ ಹೊಗೆ. ದೇವ್ರಿಗೆ ಹಾಕೋದು. ಕುಡುದ್ರೆ ಪುಣ್ಯ ಬತ್ತದೆ."

ಹಾಗೆಯೇ ಮಾಡಿದೆವು. ಕೋಟೆಯ ಹೊಟ್ಟೆಯೊಳಗೆ ಇಬ್ಬರು ಮುದುರಿಕೊಂಡು ಕೂರುವಷ್ಟು ಜಾಗ. ಒಂದು ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ. ಅದಕ್ಕೆ ಸಾಂಬ್ರಾಣಿ ಎಸೆದು, ಕುಲುಮೆಯಿಂದ ತಂದ ಹಳೇ ತಿದಿಯನ್ನು ಒತ್ತಿದರೆ ಹೊಗೆ ಕೊಳವೆಯಲ್ಲಿ ಹೋಗಿ ತೋಪಿನ ಬಾಯಿಂದ ಭುಸ್ಸೆಂದು ಬರುತ್ತಿತ್ತು. ಢಮಾರ್ ಎಂಬ ಸದ್ದನ್ನು ಸ್ಪೀಕರಿನವನು ಕೊಡುತ್ತಿದ್ದ. ಹಿಂದೆ ಒಂದು ಪುಟ್ಟ ಬಾಗಿಲು. ದಾರಿಯಲ್ಲಿ ತೆರೆದುಕೊಳ್ಳಬಾರದೆಂದು ಅದಕ್ಕೆ ಹೊರಗಡೆ ಚಿಲಕ. ಬಾಗಿಲ ಮೇಲೆ ಉಸಿರಾಡಲು ಒಂದು ಗಾಳಿಕಂಡಿ. ನಾನು, ಚಂದ್ರಿ ಇಬ್ಬರೂ ಒಳಗೆ ಕೂರುವುದು, ಒಬ್ಬಳು ಕೆಂಡ ನೋಡುವುದು, ಒಬ್ಬಳು ತಿದಿ ಒತ್ತುವುದು ಎಂದು ಮಾತಾಗಿತ್ತು. ಕೋಟೆಯ ಮೇಲೆ ನಿಲ್ಲುವ ರಾಣಿ ವೇಷದವಳು ಒಂದು ಸಲ ಕಾಲು ಗುದ್ದಿದರೆ ತೋಪು ಹಾರಿಸಬೇಕು. ಒಳಗಿನಿಂದ ಮೂರು ಸಲ ತಟ್ಟಿದರೆ ಮೇಲಿದ್ದವರು ಹಿಂದೆ ನಡೆದು ಬರುವ ಮೇಸ್ತ್ರಿಗೆ ಕೈ ಮಾಡಿ ಬಾಗಿಲು ತೆಗೆಸಬೇಕು.

ಇದರ ನಡುವೆ ನಮ್ಮ ಮನೆಯಲ್ಲಿ ಇನ್ನೊಂದು ನಡೆದಿತ್ತು. ಆಷಾಢ ಕಳೆದ ಮೇಲೆ ನನ್ನನ್ನು ನೋಡಲು ನಂಜನಗೂಡಿನ ಕಡೆಯವರು ಬಂದಿದ್ದರು. ನಾನು ಕಪ್ಪು, ದಪ್ಪ ಮೂಳೆಯವಳು, ಆಗಲೇ ವಯಸ್ಸು ಮೀರುತ್ತಿತ್ತು. ಗಂಡಿನ ಅಕ್ಕ ಕಾಫಿ ಕುಡಿದು ಲೋಟ ಕೆಳಗಿಟ್ಟು, "ಚಿಕ್ಕೋಳನ್ನ ಕೊಡೋದಾದ್ರೆ ಹೇಳಿ, ನಮ್ದೇನೂ ಅಭ್ಯಂತರ ಇಲ್ಲ" ಅಂದಳು. ನಾನು ಉಪ್ಪಿಟ್ಟಿನ ತಟ್ಟೆಗಳನ್ನು ಎತ್ತುತ್ತಾ ಅಲ್ಲೇ ಬಗ್ಗಿದ್ದೆ. ಅಮ್ಮ ಸೆರಗು ತಿರುವುತ್ತಿದ್ದಳು. ಒಳಗಿನಿಂದ ಚಂದ್ರಿಯ ದನಿ ಬಂತು: "ನಮ್ಮಕ್ಕನ್ನ ಬ್ಯಾಡ ಅಂದೋರ ಮನೆ ಹೊಸ್ಲು ನಾನು ತುಳಿಯಲ್ಲ ಕಣಮ್ಮ. ಹೋಗಕ್ಕೇಳು ಅವರನ್ನ."

ಅವರು ಎದ್ದುಹೋದರು. ನನಗೆ ಚಂದ್ರಿಯ ಮೇಲೆ ಪ್ರೀತಿ ಉಕ್ಕಬೇಕಿತ್ತು. ಉಕ್ಕಿದ್ದು ಸಿಟ್ಟು. ಬೇಡ ಎನ್ನುವ ಅನುಕೂಲವೂ ಅವಳಿಗೇ ಸಿಕ್ಕಿತಲ್ಲ ಅನ್ನಿಸಿತು. ಅಂದಿನಿಂದ ನಾನು ಅವಳ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಅವಳು ಬಸ್ಸಿನಲ್ಲಿ ಹೆಗಲಿಗೆ ತಲೆಯಿಟ್ಟರೆ ಹೆಗಲು ಸರಿಸುತ್ತಿದ್ದೆ. "ಯಾಕಕ್ಕಾ ಇಂಗಾಡ್ತೀಯ?" ಎಂದು ಒಂದು ದಿನ ಕೇಳಿದಳು. "ಸೆಕೆ" ಅಂದೆ. ಹೊರಗೆ ಮಳೆ ಹುಯ್ಯುತ್ತಿತ್ತು.

ವಿಜಯದಶಮಿಯ ಬೆಳಿಗ್ಗೆ ನಮ್ಮ ಕೋಟೆ ಅರಮನೆಯ ಅಂಗಳ ಸೇರಿತು. ಕೋಟೆಯ ಮೇಲೆ ನಿಲ್ಲಬೇಕಾಗಿದ್ದ ರಾಣಿ ಬರಲಿಲ್ಲ. ಕರಾವಳಿಯಿಂದ ಬರಬೇಕಿದ್ದ ನಾಟಕದ ಹುಡುಗಿ, ಜ್ವರವಂತೆ. ಮೇಸ್ತ್ರಿ ಕಿರೀಟ, ಕತ್ತಿ, ಜರಿಸೀರೆಯ ಗಂಟು ಹಿಡಿದುಕೊಂಡು ನಮ್ಮಿಬ್ಬರ ಮುಖವನ್ನೂ ನೋಡಿದ. ಮೊದಲು ಅವನ ಕಣ್ಣು ನಿಂತದ್ದು ಚಂದ್ರಿಯ ಮೇಲೆಯೇ. ಅವಳೇ ಅಂದಳು: "ನಾನು ಒಳಗಿರ್ತೀನಿ ಅಣ್ಣ. ತಿದಿ ಒತ್ತೋದು ನಂಗೆ ಒಗ್ಗೈತೆ. ಅಕ್ಕ ಎತ್ತರ ಇದಾಳೆ. ರಾಣಿ ಅಂದ್ರೆ ನಮ್ಮಕ್ಕನೇ."

ನನಗೆ ಸೀರೆ ಉಡಿಸಿ ನೆರಿಗೆ ಹಿಡಿದದ್ದೂ ಅವಳೇ. ಕಪ್ಪು ಕಾಣದಿರಲೆಂದು ನಾನು ಮುಖಕ್ಕೆ ಪೌಡರು ಬಳಿದುಕೊಳ್ಳುತ್ತಿದ್ದರೆ ಕೈ ಹಿಡಿದು ನಿಲ್ಲಿಸಿದಳು. "ಬ್ಯಾಡ ಕಣಕ್ಕಾ. ಸಮುದ್ರದ ರಾಣಿ ಬಿಸಿಲಲ್ಲಿ ನಿಂತೋಳು. ಇಂಗೇ ಇರ್ಬೇಕು." ಆಮೇಲೆ ಆ ಪುಟ್ಟ ಬಾಗಿಲಿಂದ ಒಳಗೆ ತೂರಿಕೊಂಡಳು. ಒಳಗೆ ಹೋದವಳು ತಲೆ ಹೊರಗೆ ಹಾಕಿ, "ಮರೀಬ್ಯಾಡ, ಮೂರು ಸಲ" ಅಂದಳು. ಮೇಸ್ತ್ರಿ ಚಿಲಕ ಹಾಕಿದ.

ಹೊರಡುವ ಹೊತ್ತಿಗೆ ಸಣ್ಣ ಹನಿ ಬಿತ್ತು. ಪ್ಲಾಸ್ಟರು ಕರಗೀತೆಂದು ಮೇಸ್ತ್ರಿ ಕೋಟೆಯ ಹಿಂಬದಿಗೆ ಟಾರ್ಪಾಲು ಎಳೆದು ಕಟ್ಟಿದ. ಗಾಳಿಕಂಡಿ ಅದರಡಿ ಮುಚ್ಚಿಹೋದದ್ದನ್ನು ನಾನು ಮೇಲಿನಿಂದ ನೋಡಿದೆ. ಮಳೆ ನಿಂತ ಮೇಲೆ ತೆಗೆಯುತ್ತಾನೆ ಅಂದುಕೊಂಡೆ. ನಾವು ಅರಮನೆ ದಾಟುವ ಮೊದಲೇ ಮಳೆ ನಿಂತಿತು. ಟಾರ್ಪಾಲು ಹಾಗೆಯೇ ಇತ್ತು. ಕೂಗಿ ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ಜನ ನನ್ನನ್ನು ನೋಡತೊಡಗಿದ್ದರು.

ಅದನ್ನು ಹೇಗೆ ಹೇಳಬೇಕೋ ತಿಳಿಯದು. ಹುಟ್ಟಿದಂದಿನಿಂದ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಮಹಡಿಗಳ ಮೇಲೆ, ಮರಗಳ ಮೇಲೆ, ಗೋಡೆಗಳ ಮೇಲೆ ಜನ. ಮಕ್ಕಳನ್ನು ಎತ್ತಿ ತೋರಿಸುತ್ತಿದ್ದರು. "ರಾಣಿ ನೋಡು, ರಾಣಿ!" ನಾನು ಕತ್ತಿ ಎತ್ತಿದರೆ ಶಿಳ್ಳೆ. ಕಾಲು ಗುದ್ದಿದರೆ ತೋಪಿನಿಂದ ಬಿಳೀ ಹೊಗೆ ನುಗ್ಗುತ್ತಿತ್ತು, ಸ್ಪೀಕರು ಗುಡುಗುತ್ತಿತ್ತು, ಜನ ಹೋ ಎನ್ನುತ್ತಿದ್ದರು. ಇನ್ನೊಮ್ಮೆ ಗುದ್ದಿದರೆ ಇನ್ನೊಮ್ಮೆ. ಬೇಕಾದದ್ದಕ್ಕಿಂತ ಹೆಚ್ಚೇ ಗುದ್ದಿದೆ.

ಸಯ್ಯಾಜಿರಾವ್ ರಸ್ತೆಗೆ ತಿರುಗಿದ ಮೇಲೆ ತಟ್ಟಿದಳು. ಕಿವಿಗಿಂತ ಮೊದಲು ಪಾದಕ್ಕೆ ಗೊತ್ತಾಯಿತು. ಟಕ್, ಟಕ್, ಟಕ್. ನಾನು ನಿಂತ ಹಲಗೆಯ ಅಡಿಯಲ್ಲೇ. ಮುಂದೆ ಎತ್ತರದ ಕಂಬದ ಮೇಲೆ ಟೀವಿಯವರ ಕ್ಯಾಮೆರಾ ನಮ್ಮ ಕಡೆಗೇ ತಿರುಗುತ್ತಿತ್ತು. ಇದೊಂದು ದಾಟಲಿ ಅಂದುಕೊಂಡೆ. ನಂಜನಗೂಡಿನಲ್ಲೂ ಟೀವಿ ಇದೆ ಅಂದುಕೊಂಡೆ. ಒಳಗೆ ಒಂದಿಷ್ಟು ಹೊತ್ತು ಇರಲಿ, ಅವಳಿಗೂ ಗೊತ್ತಾಗಲಿ ಎಂದೂ ಅಂದುಕೊಂಡೆ. ಏನು ಗೊತ್ತಾಗಲಿ ಎಂದು ಮಾತ್ರ ಇಂದಿಗೂ ನನಗೆ ತಿಳಿದಿಲ್ಲ.

ಕ್ಯಾಮೆರಾ ದಾಟಿತು. ನಾನು ಹಿಂದೆ ತಿರುಗಿ ಕೈ ಮಾಡಲಿಲ್ಲ. ಮುಂದಿನ ಬಂಡಿ ನಿಂತು ನಮ್ಮ ಟ್ರ್ಯಾಕ್ಟರೂ ನಿಂತಿತು. ಆಗ ಇನ್ನೊಂದು ಸಲ ತಟ್ಟಿದಳು, ಈ ಸಲ ಮೆಲ್ಲಗೆ. ಮೂರನೆಯ ಟಕ್ ತಟ್ಟಿದ ಹಾಗಿರಲಿಲ್ಲ, ಕೈ ಜಾರಿದ ಹಾಗಿತ್ತು. ಪಕ್ಕದ ಗೋಡೆಯ ಮೇಲೆ ಕೂತಿದ್ದ ಪಡ್ಡೆಗಳು ಅರಚುತ್ತಿದ್ದರು.

"ಏಯ್ ರಾಣಿ, ತೋಪ್ ಹೊಡ್ಸು!"

"ಹೊಡ್ಸಮ್ಮೋ, ಮೈಸೂರೇ ಅದುರ್ಬೇಕು!"

ನಾನು ಕಾಲೆತ್ತಿ ಗುದ್ದಿದೆ.

ಬಾಗಿಲು ತೆಗೆ ಎಂದು ತಟ್ಟಿದವಳಿಗೆ ನಾನು ಕೊಟ್ಟ ಉತ್ತರ ಅದು. ಹಾರಿಸು ಎಂದೆ. ಅವಳು ಹಾರಿಸಿದಳು. ತಿದಿ ಅರ್ಧ ಒತ್ತಿದ ಸದ್ದು ನನ್ನ ಕಾಲಡಿ ನರಳಿದಂತೆ ಬಂತು. ತೋಪಿನ ಬಾಯಿಂದ ನೂಲಿನಷ್ಟು ಹೊಗೆ ಎದ್ದು ಅಲ್ಲೇ ಚದುರಿತು. ಸ್ಪೀಕರು ಮಾತ್ರ ಢಮಾರ್ ಎಂದಿತು.

"ಇದೇನ್ಲಾ, ಬೀಡಿ ಹೊಗೆ!"

"ರಾಣಿ ಬೀಡಿ ಸೇದ್ತಾವ್ಳೆ ಕಣ್ಲಾ!"

ಗೋಡೆಯ ಮೇಲಿನವರೆಲ್ಲ ಬಿದ್ದು ಬಿದ್ದು ನಕ್ಕರು. ಸೋಮಾರಿ, ಬೇಕಂತಲೇ ಹೀಗೆ ಮಾಡುತ್ತಿದ್ದಾಳೆ ಎಂದು ಹಲ್ಲು ಕಚ್ಚಿ ಮತ್ತೊಮ್ಮೆ ಗುದ್ದಿದೆ. ಮತ್ತೂ ಒಮ್ಮೆ. ಒಳಗಿನಿಂದ ಏನೂ ಬರಲಿಲ್ಲ. ಮೆರವಣಿಗೆ ಮುಂದೆ ಹೋಯಿತು. ಬನ್ನಿಮಂಟಪದವರೆಗೂ ನಾನು ಕತ್ತಿ ಎತ್ತಿ ನಗುತ್ತಲೇ ನಿಂತಿದ್ದೆ. ಅಷ್ಟು ದೂರವೂ ನನ್ನ ಕಾಲಡಿ ಸದ್ದಿರಲಿಲ್ಲ.

ಮೈದಾನದಲ್ಲಿ ನಿಂತ ಮೇಲೆ ಮೇಸ್ತ್ರಿ ಟಾರ್ಪಾಲು ಬಿಚ್ಚಿದ. ಖುಷಿಯಲ್ಲಿದ್ದ. "ಬಾರವ್ವ ಚಂದ್ರಿ, ಯುದ್ಧ ಮುಗೀತು. ಗೆದ್ಬುಟ್ವಿ" ಎಂದು ಚಿಲಕ ತೆಗೆದ. ಬಾಗಿಲ ಜೊತೆಗೆ ಅವಳೂ ಹೊರಗೆ ಬಂದಳು. ಬಾಗಿಲಿಗೆ ಒರಗಿ ಕೂತಿದ್ದಳು. ಮುಖ ಕೆಂಪಗೆ, ಆರೋಗ್ಯವಂತರ ಮುಖದ ಹಾಗೆ ಇತ್ತು. ಬಲಗೈಯಲ್ಲಿ ತಿದಿಯ ಹಿಡಿ ಹಾಗೆಯೇ ಇತ್ತು, ಬಿಡಿಸಲು ಮೇಸ್ತ್ರಿ ಒಂದೊಂದೇ ಬೆರಳನ್ನು ಎತ್ತಬೇಕಾಯಿತು.

ಕೆಂಡದ ಹೊಗೆ ರಕ್ತಕ್ಕೆ ಸೇರಿದೆ ಎಂದರು ಆಸ್ಪತ್ರೆಯಲ್ಲಿ. "ಒಳಗಿದ್ದವರು ಕೂಗಲಿಲ್ವ? ತಟ್ಟಲಿಲ್ವ?" ಎಂದು ಡಾಕ್ಟರು ಕೇಳಿದರು. ಅಮ್ಮ ನನ್ನ ಮುಖ ನೋಡಿದಳು. ನಾನಿನ್ನೂ ಜರಿಸೀರೆಯಲ್ಲೇ ಇದ್ದೆ, ಕಿರೀಟ ಮಾತ್ರ ತೆಗೆದಿದ್ದೆ. "ನಿಂಗೆ ಕೇಳಿಸ್ಲಿಲ್ವೇನೇ?" ಅಂದಳು. ಬ್ಯಾಂಡ್ ಸದ್ದಿನ ಮಾತನ್ನು ನಾನು ಮೊದಲ ಸಲ ಹೇಳಿದ್ದು ಆಗ. ಅಮ್ಮ ಎರಡು ವರ್ಷದ ಮೇಲೆ ತೀರಿಕೊಂಡಳು, ಅದನ್ನೇ ನಂಬಿಕೊಂಡು.

ನಮ್ಮ ಕೋಟೆಗೆ ಸಮಾಧಾನಕರ ಬಹುಮಾನ ಬಂತು. ಚಂದ್ರಿ ಕಣ್ಣು ಬಿಡದೆ ಮಲಗಿದ್ದ ದಿನಗಳಲ್ಲಿ ಜನ ಮೈದಾನಕ್ಕೆ ಬಂದು, ಅವಳು ಮಾಡಿದ ಕೆಂಪು ಕಲ್ಲಿಗೆ ಒರಗಿ ಫೋಟೋ ತೆಗೆಸಿಕೊಂಡರು. ಆಮೇಲೆ ಅದನ್ನು ಬಿಚ್ಚಿದಾಗ ಮೇಸ್ತ್ರಿ, ಏನು ಕೊಡಬೇಕೋ ತೋಚದೆ, ಹಲಗೆಗಳನ್ನು ಆಟೋದಲ್ಲಿ ಹಾಕಿಸಿ ನಮ್ಮ ಮನೆಗೆ ಕಳಿಸಿದ. ಬಚ್ಚಲುಮನೆಗೆ ಬಾಗಿಲಿರಲಿಲ್ಲ. ಅಮ್ಮ ಕೋಟೆಯ ಆ ಹಿಂಬಾಗಿಲಿಗೇ ಇನ್ನೊಂದು ಹಲಗೆ ಜೋಡಿಸಿ ಕೂರಿಸಿದಳು. ಹೊರಮೈಯಲ್ಲಿ ಚಂದ್ರಿಯ ಕಲ್ಲು, ಒಳಮೈಯಲ್ಲಿ ಮಸಿ. ಅಮ್ಮ ಸೋಪು ಹಾಕಿ ತಿಕ್ಕಿದರೂ ಆ ಮಸಿ ಹೋಗಲಿಲ್ಲ.

ಚಂದ್ರಿ ಬದುಕಿದಳು. ಬದುಕಿದಳು ಎನ್ನುತ್ತೇವೆ. ಅವಳ ಬಲಗೈ ನಿಲ್ಲದೆ ನಡುಗುತ್ತದೆ, ಅನ್ನ ಕಲಸಿದರೆ ತಟ್ಟೆಯಿಂದಾಚೆ ಹಾರುತ್ತದೆ. ಬ್ರಷ್ಷು ಹಿಡಿಯಲು ಒಂದೆರಡು ಸಲ ನೋಡಿದಳು, ಆಮೇಲೆ ಬಿಟ್ಟಳು. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಆ ಮೆರವಣಿಗೆಯಲ್ಲೂ ಅವಳಿಗೆ ಉಳಿದಿರುವುದು ಒಂದೇ. ಎಷ್ಟೋ ಸಲ ಕೇಳುತ್ತಾಳೆ: "ಅಕ್ಕಾ, ಕೊನೇಲಿ ನೀನು ಗುದ್ದಿದೆ ಅಲ್ವಾ? ನಾನು ಹೊಡೆದೆ ಅಲ್ವಾ? ಹೊಗೆ ಚೆನ್ನಾಗಿ ಬಂತಾ?"

"ಚೆನ್ನಾಗಿ ಬಂತು ಕಣೇ. ಎಲ್ಲರೂ ಚಪ್ಪಾಳೆ ಹೊಡುದ್ರು" ಅನ್ನುತ್ತೇನೆ. ಅವಳು ನಗುತ್ತಾಳೆ. ಅವಳ ಬಾಯಿ ಈಗ ಒಂದು ಕಡೆ ಮಾತ್ರ ನಗುತ್ತದೆ.

ನಾನು ಮದುವೆಯಾಗಲಿಲ್ಲ. ಬೀದಿಯವರು ಅದಕ್ಕೆ ದೊಡ್ಡ ಹೆಸರು ಕೊಟ್ಟಿದ್ದಾರೆ. "ಇಂಥ ಅಕ್ಕ ಸಿಗಬೇಕಾದ್ರೆ ಪುಣ್ಯ ಮಾಡಿರ್ಬೇಕು ಕಣವ್ವ" ಎಂದು ಪಕ್ಕದ ಮನೆಯ ಗೌರಮ್ಮ ಚಂದ್ರಿಯ ಗಲ್ಲ ಹಿಡಿದು ಹೇಳುತ್ತಾರೆ. ಚಂದ್ರಿ ತಲೆಯಾಡಿಸುತ್ತಾಳೆ: "ಹ್ಞೂಂ. ಕೇಳಿಸಿದ್ರೆ ನಮ್ಮಕ್ಕ ಹಾರ್ಕೊಂಡ್ ಬತ್ತಿದ್ಲು."

ಅವಳಿಗೆ ಸ್ನಾನ ಮಾಡಿಸುವುದು ನಾನು. ನೀರು ಹುಯ್ದು, ಸೋಪು ಹಚ್ಚಿ, ಒಂದಷ್ಟು ಹೊತ್ತು ಬಿಸಿನೀರಿನ ಹಬೆಯಲ್ಲಿ ಅವಳನ್ನು ಕೂರಲು ಬಿಟ್ಟು ಬರುತ್ತೇನೆ. ಸಾಕೆನಿಸಿದಾಗ, ತಾನಾಗಿ ಏಳಲಾರದೆ, ಅವಳು ಬಾಗಿಲು ತಟ್ಟುತ್ತಾಳೆ. ಮೂರು ಸಲ. ಯಾರೂ ಹೇಳಿಕೊಟ್ಟಿಲ್ಲ. ಕೈಗೆ ನೆನಪಿರಬೇಕು. ನಾನು ಓಡುತ್ತೇನೆ. ಬಹಳ ಸಲ ಓಡುತ್ತೇನೆ ಎಂದು ಹೇಳಿದರೆ ಸರಿಯಾದೀತು.

ಮೊನ್ನೆ ಓಡಲಿಲ್ಲ. ಬೆಳಿಗ್ಗೆಯಿಂದ ಮಳೆ. ಒಲೆಯ ಮೇಲೆ ರೊಟ್ಟಿ, ಕೆಲಸಕ್ಕೆ ಹೊತ್ತಾಗಿತ್ತು. ಹಿಂದಿನ ದಿನವೆಲ್ಲ ಅವಳು ಒದ್ದೆ ಮಾಡಿದ ಹಾಸಿಗೆ ಒಗೆದು ನನ್ನ ಮೈಯೆಲ್ಲ ನೋಯುತ್ತಿತ್ತು. ಅವಳು ತಟ್ಟಿದಳು. ಇರಲಿ, ರೊಟ್ಟಿ ಬೇಯಲಿ ಅಂದುಕೊಂಡೆ. ಮತ್ತೆ ತಟ್ಟಿದಳು. ಕೇಳಿಸಿತು. ಕೇಳಿಸಿಕೊಂಡೇ ನಾನು ರೊಟ್ಟಿ ತಿರುವಿ ಹಾಕಿದೆ. ಮೂರನೆಯ ಸಲ ತಟ್ಟಲಿಲ್ಲ. ಮನೆ ಸುಮ್ಮನಾಯಿತು. ಆವತ್ತು ಕೋಟೆಯ ಮೇಲೆ ನನ್ನ ಕಾಲಡಿ ಸದ್ದು ನಿಂತದ್ದೂ ಹೀಗೆಯೇ. ತವೆಯನ್ನು ಹಾಗೇ ಬಿಟ್ಟು ಹೋದೆ.

ಬಾಗಿಲು ಊದಿಕೊಂಡು ಚೌಕಟ್ಟಿಗೆ ಕಚ್ಚಿತ್ತು. ಎಳೆದರೆ ಬರಲಿಲ್ಲ. ಕಾಲು ಕೊಟ್ಟು ಎಳೆದೆ. ಕೆಂಪು ಕಲ್ಲಿನ ಒಂದು ಚಕ್ಕೆ ಕಿತ್ತು ಕೈಗೆ ಬಂತು, ಬಾಗಿಲು ಕಿರುಗುಟ್ಟಿ ತೆರೆಯಿತು. ಚಂದ್ರಿ ಒದ್ದೆ ಟವೆಲು ಹೊದ್ದು ನೆಲದ ಮೇಲೆ ಕೂತಿದ್ದಳು. ಹಬೆಯೆಲ್ಲ ಆರಿತ್ತು. ತುಟಿ ನೀಲಿಯಾಗಿತ್ತು. ನಡುಗುವ ಕೈ ಬಾಗಿಲಿದ್ದ ಜಾಗದಲ್ಲಿ, ಗಾಳಿಯಲ್ಲಿ ಇನ್ನೂ ಎತ್ತಿಯೇ ಇತ್ತು. ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಹೊರಗೆ ಮಳೆಯಾ ಎಂದು ಕೇಳುವ ಹಾಗೆ ಕೇಳಿದಳು:

"ಬ್ಯಾಂಡ್ ಸದ್ದಿತ್ತಾ ಅಕ್ಕಾ?"

ಇಷ್ಟು ವರ್ಷ ನಾನು ಹೇಳಿಕೊಂಡು ಬಂದದ್ದನ್ನು ಅವಳು ನನ್ನ ಕೈಗೇ ಕೊಡುತ್ತಿದ್ದಳು. ಹ್ಞೂಂ ಅಂದಿದ್ದರೆ ನಂಬುತ್ತಿದ್ದಳು. ಮಧ್ಯಾಹ್ನಕ್ಕೆ ಮರೆತೂ ಬಿಡುತ್ತಿದ್ದಳು. ನಾನು ಆ ಒದ್ದೆ ನೆಲದಲ್ಲಿ ಅವಳ ಎದುರಿಗೆ ಕೂತೆ. ಒಳಗೆ ರೊಟ್ಟಿ ಸೀಯುವ ವಾಸನೆ ಬರುತ್ತಿತ್ತು. ಅವಳ ಕೈಯನ್ನು ನನ್ನೆರಡು ಕೈಯಲ್ಲಿ ಹಿಡಿದುಕೊಂಡೆ. ಅದು ಅಲ್ಲೂ ನಡುಗುತ್ತಲೇ ಇತ್ತು.

"ಇರಲಿಲ್ಲ ಕಣೇ ಚಂದ್ರಿ. ಈಗಲೂ ಇರಲಿಲ್ಲ, ಆವತ್ತೂ ಅಡ್ಡ ಬರಲಿಲ್ಲ. ನೀನು ತಟ್ಟಿದ್ದು ನಂಗೆ ಕೇಳಿಸ್ತು. ಎರಡು ಸಲವೂ ಕೇಳಿಸ್ತು. ಕೇಳಿಸಿಯೇ ಗುದ್ದಿದೆ. ಹೊಗೆ ಬರಲಿಲ್ಲ, ಯಾರೂ ಚಪ್ಪಾಳೆ ಹೊಡೀಲಿಲ್ಲ. ತಪ್ಪಾಯ್ತು ಕಣೇ. ನಂದೇ ತಪ್ಪು. ತಪ್ಪಾಯ್ತು."